ಹೆದ್ದಾರಿ ಬಿಟ್ಟು ಕರಾವಳಿಯಲ್ಲಿ ಸೈಕಲ್: ಮೊದಲು ಸೇತುವೆ ಹುಡುಕಿ

ನಮಸ್ಕಾರ. ಸಮುದ್ರದ ಪಕ್ಕ 60 ಕಿ.ಮೀ. ತುಳಿಯಬೇಕು, ಮ್ಯಾಪ್ ತೆಗೆದರೆ ಬರೀ ಹೆದ್ದಾರಿ ತೋರಿಸುತ್ತೆ, ಲಾರಿಗಳ ಕಾಟ ತಪ್ಪಿಸೋದು ಹೇಗೆ ಅಂತ ಕೇಳಿದ್ದೀರಿ.

ಕರಾವಳಿಯ ನಿಜವಾದ ತೊಡಕು ನದೀಮುಖಗಳು. ಊರೊಳಗಿನ ಸಣ್ಣ ರಸ್ತೆ ಚೆನ್ನಾಗಿ ಹೋಗ್ತಾ ಹೋಗ್ತಾ ನೀರಿನ ಅಂಚಿಗೆ ಬಂದು ನಿಂತುಬಿಡುತ್ತೆ, ಸೇತುವೆ ಇರೋದು ಹೆದ್ದಾರಿ ಮೇಲೆ ಮಾತ್ರ. ಹಾಗಾಗಿ ಮೊದಲು ಸೇತುವೆಗಳನ್ನೂ ದೋಣಿ ದಾಟುವ ಕಡವುಗಳನ್ನೂ ಗುರುತು ಹಾಕಿಕೊಳ್ಳಿ, ಆಮೇಲೆ ಅವುಗಳ ನಡುವೆ ಹಳ್ಳಿ ರಸ್ತೆಗಳನ್ನು ಜೋಡಿಸಿ. ಓಪನ್‌ಸ್ಟ್ರೀಟ್‌ಮ್ಯಾಪ್‌ ಎಂಬ ಉಚಿತ ಆನ್‌ಲೈನ್ ನಕ್ಷೆಯಲ್ಲಿ ಸಣ್ಣ ದಾರಿಗಳು ಚೆನ್ನಾಗಿ ಕಾಣುತ್ತವೆ. ಡಾಂಬರು ಇದೆಯೋ ಮಣ್ಣೋ ಅನ್ನೋದನ್ನು ಉಪಗ್ರಹ ಚಿತ್ರದಲ್ಲಿ ನೋಡಿಕೊಳ್ಳಿ. ಹೊಸ ಹೆದ್ದಾರಿ ಬಂದ ಕಡೆ ಹಳೇ ರಸ್ತೆಯ ತುಂಡುಗಳು ಪಕ್ಕದಲ್ಲೇ ಉಳಿದಿದ್ದರೆ ಅದೃಷ್ಟ, ಅಲ್ಲಿ ಲಾರಿಗಳು ತೀರಾ ಕಡಿಮೆ.

ಗಾಳಿಯನ್ನು ಮಾತ್ರ ಹಗುರವಾಗಿ ತಗೋಬೇಡಿ. ನೆಲ ಕಾದಂತೆ ಸಮುದ್ರದ ಕಡೆಯಿಂದ ಗಾಳಿ ಏಳುತ್ತೆ, ಮಧ್ಯಾಹ್ನ ಜೋರಾಗುತ್ತೆ. ಗಂಟೆಗೆ 20 ಕಿ.ಮೀ. ವೇಗದಲ್ಲಿ ಹೋಗುವಾಗ ಅಷ್ಟೇ ವೇಗದ ಗಾಳಿ ಎದುರಾದರೆ ಅದರ ತಡೆ ಗಾಳಿ ಬೀಸದಿರುವಾಗಿನ 4 ಪಟ್ಟು. ಬೆಳಕು ಹರಿಯುತ್ತಲೇ ಹೊರಡಿ, ಮುನ್ಸೂಚನೆ ನೋಡಿ ಹೋಗುವಾಗ ಎದುರುಗಾಳಿ, ಬರುವಾಗ ಬೆನ್ನಿಗೆ ಗಾಳಿ ಇರುವಂತೆ ದಿಕ್ಕು ಆರಿಸಿಕೊಳ್ಳಿ. ದಣಿದ ಕಾಲಿಗೆ ಅದಕ್ಕಿಂತ ದೊಡ್ಡ ಉಪಕಾರ ಇಲ್ಲ.

ಟೈರ್ 32 ಮಿ.ಮೀ. ಇದ್ದರೆ ಕಿತ್ತುಹೋದ ರಸ್ತೆಯಲ್ಲೂ ನೆಮ್ಮದಿ. ಉಪ್ಪುಗಾಳಿಗೆ ಚೈನ್ ಬೇಗ ತುಕ್ಕು ಹಿಡಿಯುತ್ತೆ, ಮನೆಗೆ ಬಂದ ದಿನವೇ ಸಿಹಿನೀರಿನಲ್ಲಿ ತೊಳೆದು, ಒಣಗಿಸಿ, ಎಣ್ಣೆ ಬಿಡಿ.