ನಮ್ಮವರ ಕಾರೇ ಆದರೂ ಲಿಫ್ಟ್ ಮೇಲೆ ಹತ್ತಿಸು

ತಮ್ಮಾ,

ನಿನ್ನ ಮೆಸೇಜಿಗೆ ಉತ್ತರ ತಡವಾಯ್ತು. ರಜೆಗೆ ಮಂಡ್ಯಕ್ಕೆ ಬಂದಿದ್ದೇನೆ. ಬೆಳಿಗ್ಗೆ ಎದ್ದರೆ ನೆಂಟರು, ಸಂಜೆಯಾದರೆ ಯಾರದೋ ಮದುವೆ ಮನೆ, ಫೋನ್ ಹಿಡಿದು ಕೂರೋಕೆ ಪುರುಸೊತ್ತೇ ಇಲ್ಲ. ಜರ್ಮನಿಯ ಸ್ಟುಟ್‌ಗಾರ್ಟಿಗೆ ಹೊಸದಾಗಿ ಬಂದವನು ಕೇಳುವುದನ್ನೆಲ್ಲ ಕೇಳಿದ್ದೀಯ: ಬಾಡಿಗೆ ಮನೆ, ಇಂಡಿಯಾ ಲೈಸೆನ್ಸು, ಸೋನಾ ಮಸೂರಿ. ಕೊನೆಯಲ್ಲಿ ಮಾತ್ರ ನಾಚಿಕೊಂಡು ಬರೆದ ಹಾಗೆ, 'ಅಕ್ಕಾ, ನಮ್ಮ ಕಡೆಯವರೇ ಒಬ್ಬರು 2007ರ ಪೋರ್ಷೆ 911 ಕರೆರಾ ಎಸ್ ಮಾರ್ತಿದ್ದಾರೆ, 92 ಸಾವಿರ ಕಿಲೋಮೀಟರ್ ಓಡಿದೆ. ಪರಿಚಯದವರು, ಒಳ್ಳೆಯವರು. ಆದ್ರೂ ಮೆಕ್ಯಾನಿಕ್‌ಗೆ ತೋರಿಸಬೇಕಾ? ಬೇಜಾರು ಮಾಡ್ಕೊಂಡ್ರೆ? ಮುಂದೆ ಅದನ್ನ ಮೈಸೂರಿಗೆ ತರಬಹುದಾ?' ಅಂದಿದ್ದೀಯ.

ಮೊದಲಿನವಕ್ಕೆ ಚುಟುಕಾಗಿ ಹೇಳಿಬಿಡ್ತೀನಿ. ಮನೆ ಊರೊಳಗೇ ಬೇಕು ಅಂತ ಹಠ ಹಿಡಿಯಬೇಡ, ಎಸ್-ಬಾನ್ ರೈಲು ನಿಲ್ಲುವ ಯಾವ ಊರಾದರೂ ಆದೀತು. ನಮ್ಮ ಲೈಸೆನ್ಸು ನೀನು ಅಲ್ಲಿ ವಾಸ ಶುರು ಮಾಡಿದ ಮೇಲೆ ಆರು ತಿಂಗಳು ಮಾತ್ರ ನಡೆಯುತ್ತೆ. ಆಮೇಲೆ ಥಿಯರಿ, ಪ್ರಾಕ್ಟಿಕಲ್ ಎರಡೂ ಪರೀಕ್ಷೆ ಕೊಡಬೇಕು. ಮೈಸೂರು ಆರ್‌ಟಿಒದಲ್ಲಿ ಎಂಟು ಹಾಕಿ ಪಾಸಾದ ಗತ್ತು ಅಲ್ಲಿ ನಡೆಯಲ್ಲ. ಅಕ್ಕಿ ಶ್ರೀಲಂಕಾ ತಮಿಳರ ಅಂಗಡಿಗಳಲ್ಲಿ ಸಿಗುತ್ತೆ. ರಾಗಿ ಹಿಟ್ಟನ್ನು ಮಾತ್ರ ಊರಿಂದಲೇ ಹೊತ್ತುಕೊಂಡು ಹೋಗು.

ಈಗ ಕಾರಿನ ವಿಷಯ.

ನೀನು ಮೈಸೂರಿನ ಹುಡುಗ. ಯಾದವಗಿರಿಯ ಐಡಿಯಲ್ ಜಾವಾ ಬೈಕ್ ಫ್ಯಾಕ್ಟರಿ 1996ರಲ್ಲಿ ಮುಚ್ಚಿತು, ಆದರೂ ನಿಮ್ಮ ಮನೆಯಲ್ಲಿ ಒಬ್ಬರಾದರೂ ಜಾವಾನೋ ಯೆಜ್ಡಿನೋ ಓಡಿಸಿರುತ್ತಾರೆ. ನನ್ನ ಸೋದರಮಾವನದು ಮಂಡ್ಯದಲ್ಲಿ ಗ್ಯಾರೇಜು. ಯಾರಿಗಾದರೂ ಸೆಕೆಂಡ್ ಹ್ಯಾಂಡ್ ಯೆಜ್ಡಿ ನೋಡಿಕೊಡೋಕೆ ಹೋದರೆ ಗಾಡಿಯ ಸುತ್ತ ಒಂದು ಸುತ್ತು ಬರುವ ನೆಪದಲ್ಲಿ ಬಗ್ಗಿ, ಅಂಗೈನ ಹಿಂಬದಿಯಿಂದ ಎಂಜಿನ್ ಮುಟ್ಟಿ ನೋಡೋರು. ಬೆಚ್ಚಗಿದ್ದರೆ ಬೆಲೆಯ ಮಾತೇ ಎತ್ತುತ್ತಿರಲಿಲ್ಲ. 'ನಾಳೆ ಬೆಳಿಗ್ಗೆ ಬರ್ತೀವಿ, ಅಲ್ಲೀವರೆಗೂ ಕಿಕ್ ಹೊಡೀಬೇಡಿ' ಅಂತ ಹೇಳಿ ಹೊರಟುಬಿಡೋರು. ನಾನು ಪಿಇಎಸ್‌ನಲ್ಲಿ ಮೆಕ್ಯಾನಿಕಲ್ ಓದಿದವಳು, ಆದರೂ ಸ್ಪೋರ್ಟ್ಸ್ ಕಾರು ನೋಡೋದಕ್ಕೆ ಅದಕ್ಕಿಂತ ಒಳ್ಳೆಯ ಮೊದಲ ಪಾಠ ನನಗೆ ಕಾಲೇಜಿನಲ್ಲಿ ಸಿಗಲಿಲ್ಲ.

911ರ ಎಂಜಿನ್ ಇರುವುದು ಹಿಂದೆ. ಹೋದ ಕೂಡಲೇ ಸೈಲೆನ್ಸರ್ ಕೊಳವೆ ಮುಟ್ಟಿ ನೋಡು, ತಣ್ಣಗಿರಬೇಕು. ಸ್ಟಾರ್ಟ್ ಮಾಡಿದಾಗ ಒಂದು ಕ್ಷಣ ನೀಲಿ ಹೊಗೆ ಬಂದರೆ ಗಾಬರಿ ಬೇಡ. ಆರು ಸಿಲಿಂಡರೂ ಅಡ್ಡ ಮಲಗಿರುವ ಎಂಜಿನ್ ಅದು, ನಿಂತಲ್ಲೇ ಒಂದಿಷ್ಟು ಆಯಿಲ್ ಒಳಗೆ ಜಿನುಗಿರುತ್ತೆ. ಆದರೆ ಹೊಗೆ ನಿಲ್ಲದಿದ್ದರೆ, ಅಥವಾ ಒಂದು ಕಡೆಯ ಕೊಳವೆಯಲ್ಲಿ ಮಾತ್ರ ಕಪ್ಪು ಮಸಿ ದಟ್ಟವಾಗಿದ್ದರೆ ಕಿವಿ ನಿಮಿರಬೇಕು. ಯೆಜ್ಡಿ ಟೂ ಸ್ಟ್ರೋಕು, ಅದು ಹೊಗೆ ಬಿಡದಿದ್ದರೇ ಅನುಮಾನ. ಇದರದು ಉಲ್ಟಾ ಲೆಕ್ಕ.

ನೀನು ಹೇಳಿದ ಕಾರು 997 ಅನ್ನುವ ಸರಣಿಯ ಮೊದಲ ತಲೆಮಾರಿನದು. 3.8 ಲೀಟರ್, 355 ಕುದುರೆ ಶಕ್ತಿ. ಚೆಂದದ ಕಾರು, ಅದರಲ್ಲಿ ಎರಡು ಮಾತಿಲ್ಲ. ಆದರೆ ಈ ಎಂಜಿನ್ನಿಗೆ ಒಂದು ಹುಟ್ಟು ರೋಗ ಇದೆ. ಸಿಲಿಂಡರಿನ ಒಳಗೋಡೆ ಅಲ್ಯುಮಿನಿಯಂ-ಸಿಲಿಕಾನ್‌ನದು. ಪಿಸ್ಟನ್ನಿನ ಮೇಲಿನ ಲೇಪ ಸವೆದರೆ ಲೋಹಕ್ಕೆ ಲೋಹ ಉಜ್ಜಿ ಗೋಡೆಯ ಮೇಲೆ ಗೀರು ಬೀಳುತ್ತೆ. ಹೆಚ್ಚಾಗಿ ಬೀಳುವುದು ಆರನೇ ಸಿಲಿಂಡರಿಗೆ. ಎಂಜಿನ್ ಬಿಸಿಯಾದ ಮೇಲೆ ಐಡಲ್‌ನಲ್ಲಿ (ಗಾಡಿ ನಿಂತು ಎಂಜಿನ್ ಮಾತ್ರ ಓಡುವಾಗ) ಟಕಟಕ ಅನ್ನುವ ಸದ್ದು, ಆಯಿಲ್ ಕುಡಿಯುವುದು, ಆ ಒಂದು ಬದಿಯ ಮಸಿ, ಇವೇ ಲಕ್ಷಣ. ರಿಪೇರಿ ಅಂದರೆ ಎಂಜಿನ್ ಇಳಿಸಿ ಪೂರ್ತಿ ಬಿಚ್ಚಬೇಕು, ಹತ್ತು ಸಾವಿರ ಯೂರೋ ದಾಟುತ್ತೆ. ಇದನ್ನು ನೋಡೋಕೆ ಸಣ್ಣ ಕ್ಯಾಮೆರಾ ಒಳಗೆ ಬಿಡ್ತಾರೆ. ಸ್ಪಾರ್ಕ್ ಪ್ಲಗ್ ತೂತಿನಿಂದ ನೋಡಿ 'ಕ್ಲೀನ್ ಇದೆ' ಅಂದರೆ ಅಷ್ಟಕ್ಕೇ ಒಪ್ಪಬೇಡ, ಗೀರು ಮೊದಲು ಕಾಣುವುದು ಕೆಳಭಾಗದಲ್ಲಿ. ಎಂಜಿನ್ ತಳದ ಆಯಿಲ್ ಸಂಪಿನ ಕಡೆಯಿಂದಲೂ ನೋಡಿ ಅಂತ ಬಾಯಿಬಿಟ್ಟು ಕೇಳು.

ಇದನ್ನೆಲ್ಲ ಇಷ್ಟು ವಿವರವಾಗಿ ಹೇಳೋಕೆ ಕಾರಣ ಇದೆ.

ನಾನು ಫ್ರಾಂಕ್‌ಫರ್ಟಿನಲ್ಲಿ ಇಳಿದಾಗ ಜನವರಿ. ಮೈಮೇಲೆ ಇದ್ದದ್ದು ದೇವರಾಜ ಅರಸು ರಸ್ತೆಯಲ್ಲಿ ಕೊಂಡ ಸ್ವೆಟರು. ಮದ್ದೂರು ಕಡೆಯ ಹಿರಿಯರೊಬ್ಬರು, ಅಪ್ಪನಿಗೆ ಪರಿಚಯದವರ ಪರಿಚಯ, ಇನ್ನೂರು ಕಿಲೋಮೀಟರ್ ದೂರದಿಂದ ಕಾರು ಓಡಿಸಿಕೊಂಡು ಬಂದು ಕರೆದುಕೊಂಡು ಹೋದರು. ಅವರ ಹೆಂಡತಿ ತಮ್ಮ ಕೋಟನ್ನೇ ಬಿಚ್ಚಿ ಹೊದಿಸಿದರು. ಮನೆಗೆ ಹೋದರೆ ಬಿಸಿ ಅನ್ನ, ಹುರುಳಿಕಾಳಿನ ಬಸ್ಸಾರು. ಬಾಡಿಗೆ ಮನೆ ಸಿಗುವವರೆಗೂ ಅಲ್ಲೇ ಉಂಡು ಅಲ್ಲೇ ಮಲಗಿದೆ, ಒಂದು ಪೈಸೆ ಮುಟ್ಟಲಿಲ್ಲ ಅವರು.

ಎಷ್ಟೋ ವರ್ಷದ ಮೇಲೆ ಅವರೇ ಒಂದು 911 ತಗೊಂಡರು, ನೀನು ನೋಡ್ತಿರುವಂಥದ್ದೇ. ಬೆನ್ನುನೋವು ಶುರುವಾಗಿ ಮಾರುವ ಮನಸ್ಸಾದಾಗ ಮೊದಲು ಫೋನ್ ಮಾಡಿದ್ದು ನನಗೆ. 'ಹೊರಗಿನವರಿಗೆ ಯಾಕೆ ಕೊಡಲಿ, ನೀನೇ ಇಟ್ಕೋ ಮಗಳೇ.' ನಾನು ಖುಷಿಯಿಂದಲೇ ಹೂಂ ಅಂದೆ, ಒಂದು ಸಲ ಬೇರೆ ವರ್ಕ್‌ಶಾಪಿನಲ್ಲಿ ತೋರಿಸಿಬಿಡೋಣ ಅಂತಲೂ ಅಂದೆ. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, 'ಆಯ್ತು, ಕೀ ತಗೊಂಡು ಹೋಗು' ಅಂದರು.

ವರ್ಕ್‌ಶಾಪಿನವನು ಕಾರನ್ನು ಲಿಫ್ಟ್ ಮೇಲೆ ಹತ್ತಿಸಿ, ಆಯಿಲ್ ಇಳಿಸಿ, ಕೆಳಗಿನಿಂದ ಕ್ಯಾಮೆರಾ ಬಿಟ್ಟ. ಐದನೇ ಸಿಲಿಂಡರಿನವರೆಗೂ ಪರದೆ ಮೇಲೆ ನುಣುಪಾದ ಬೂದು ಬಣ್ಣ. ಆರನೆಯದಕ್ಕೆ ಬಂದಾಗ ಅವನು ಮಾತು ನಿಲ್ಲಿಸಿ ಪರದೆಯನ್ನು ನನ್ನ ಕಡೆ ತಿರುಗಿಸಿದ. ಮೇಲಿಂದ ಕೆಳಕ್ಕೆ ಕಪ್ಪನೆಯ ಉದ್ದುದ್ದ ಗೀರು, ಒಂದರ ಪಕ್ಕ ಒಂದು.

ಅವರು ಮೋಸ ಮಾಡಿರಲಿಲ್ಲ. ಅವರಿಗೇ ಗೊತ್ತಿರಲಿಲ್ಲ. ಆಗಾಗ ಆಯಿಲ್ ಹಾಕೋದು ಈ ಕಾರಿಗೆ ಮಾಮೂಲಿ ಅಂದುಕೊಂಡಿದ್ದರು. ನಾನು ಪ್ರಿಂಟ್ ಹಾಕಿಸಿದ ವರದಿ ತಗೊಂಡು ಹೋಗಿ ಕೊಟ್ಟೆ. ಕನ್ನಡಕ ಹಾಕಿಕೊಂಡು ಎರಡೂ ಪುಟ ಓದಿದರು, ನಾಲ್ಕಾಗಿ ಮಡಚಿ ಡ್ರಾಯರಿಗೆ ಹಾಕಿ, 'ಕಾಫಿ ಕುಡಿ' ಅಂದರು. ಅಷ್ಟೆ. ಮತ್ತೆ ಆ ಮನೆಯಿಂದ ಹಬ್ಬಕ್ಕೂ ಫೋನ್ ಬರಲಿಲ್ಲ. ಯುಗಾದಿ ಕಾರ್ಯಕ್ರಮದಲ್ಲಿ ಎದುರಾದರೆ ನಮಸ್ಕಾರಕ್ಕೆ ನಮಸ್ಕಾರ. ಅವರ ಹೆಂಡತಿ ಮಾತ್ರ ಕೈ ಹಿಡಿದುಕೊಂಡು, 'ಸಣ್ಣಗಾಗಿದ್ದೀಯಲ್ಲೇ' ಅಂದು, ಗಂಡನ ಕಡೆ ನೋಡಿ ಸುಮ್ಮನಾಗ್ತಾರೆ.

ತೋರಿಸಿದ್ದು ಸರಿಯೇ, ನಾಳೆ ಅದೇ ಕಾರು ಬಂದರೂ ತೋರಿಸ್ತೀನಿ. ಆದರೆ ಆ ಮನೆಯ ಬಸ್ಸಾರು ತಪ್ಪಿತು, ಅದಕ್ಕೆ ನನ್ನ ಹತ್ತಿರ ಔಷಧಿ ಇಲ್ಲ.

ಆದ್ದರಿಂದ ನಿನಗೆ ಹೇಳೋದು ಇಷ್ಟು: ಅವರ ಮನೆಗೆ ಊಟಕ್ಕೆ ಹೋಗುವ ಮೊದಲೇ, ಫೋನಿನಲ್ಲೇ, ಬೆಲೆ ಕೇಳುವ ಮುಂಚೆಯೇ ಹೇಳಿಬಿಡು. ಉಪ್ಪು ತಿಂದ ಮೇಲೆ ಬಾಯಿ ಏಳಲ್ಲ. ಜರ್ಮನ್ನರಿಗಾದರೆ ಈ ತಾಪತ್ರಯವಿಲ್ಲ, ನೀನು ಕೇಳದಿದ್ದರೇ ಅವರು ವಿಚಿತ್ರವಾಗಿ ನೋಡ್ತಾರೆ. ನಮ್ಮವರ ಹತ್ತಿರ ಬೇಕಾದರೆ ಅಪ್ಪನ ಮೇಲೆ ಹಾಕು: 'ಅಪ್ಪ ರಿಪೋರ್ಟ್ ನೋಡದೆ ದುಡ್ಡು ಕಟ್ಟಬೇಡ ಅಂದಿದ್ದಾರೆ.' ನಮ್ಮ ಕಡೆ ಅಪ್ಪನ ಮಾತಿಗೆ ಯಾರೂ ಎದುರಾಡಲ್ಲ. ಖರ್ಚು ನೀನೇ ಕೊಡು, ವರದಿಯ ಒಂದು ಪ್ರತಿ ಅವರಿಗೂ ಕೊಡ್ತೀನಿ ಅಂತ ಮೊದಲೇ ಹೇಳು. ಚೆನ್ನಾಗಿ ಬಂದರೆ ಅವರಿಗೂ ಮಾರೋಕೆ ಅನುಕೂಲ. ಅವರು ಮಾಮೂಲಿ ಬಿಡುವ ಗ್ಯಾರೇಜಿಗೆ ಮಾತ್ರ ಬೇಡ. ಅದೇ ಮೆಕ್ಯಾನಿಕ್ ಅದೇ ಕಾರಿಗೆ ಹೇಗೆ ಕೆಟ್ಟದ್ದು ಹೇಳಿಯಾನು?

ಲಿಫ್ಟ್ ಮೇಲೆ ಹತ್ತಿಸಿದ ದಿನವೇ ಎಂಜಿನ್ ಕಂಪ್ಯೂಟರನ್ನೂ ಓದಿಸು. ಕೈಗೇರಿನ ಕಾರಾದರೆ ಇದನ್ನು ಬಿಡಲೇಬೇಡ. ಐದರಿಂದ ನಾಲ್ಕಕ್ಕೆ ಹಾಕಲು ಹೋಗಿ ಯಾರಾದರೂ ಎರಡಕ್ಕೆ ಹಾಕಿದ್ದರೆ ಎಂಜಿನ್ ಮಿತಿ ಮೀರಿ ತಿರುಗಿರುತ್ತೆ, ಮಿತಿ ಕಾಯುವ ಎಲೆಕ್ಟ್ರಾನಿಕ್ಸು ಆಗ ಏನೂ ಮಾಡೋಕಾಗಲ್ಲ. ಅಂಥದ್ದನ್ನೆಲ್ಲ ಈ ಕಾರು, ಎಂಜಿನ್ ಎಷ್ಟು ಜೋರಾಗಿ ತಿರುಗಿತು ಅನ್ನುವುದರ ಮೇಲೆ, ಆರು ಹಂತಗಳಾಗಿ ಬರೆದಿಟ್ಟುಕೊಳ್ಳುತ್ತೆ, ಎಂಜಿನ್ ಓಡಿದ ಎಷ್ಟನೇ ಗಂಟೆಯಲ್ಲಿ ಆಯಿತು ಅನ್ನುವುದರ ಸಮೇತ. ಕೆಳಗಿನ ಹಂತಗಳಲ್ಲಿ ಒಂದಿಷ್ಟು ಸಂಖ್ಯೆ ಇದ್ದರೆ ತಲೆ ಕೆಡಿಸಿಕೊಳ್ಳಬೇಡ, ಓಡಿಸೋಕೇ ಮಾಡಿದ ಕಾರು. ನಾಲ್ಕು, ಐದು, ಆರನೇ ಹಂತಗಳಲ್ಲಿ ಇದ್ದು, ಅದೂ ಇತ್ತೀಚಿನ ಗಂಟೆಯದಾಗಿದ್ದರೆ ಕೈ ಮುಗಿದು ಬಾ.

ಅದೇ ಹಾಳೆಯಲ್ಲಿ ಎಂಜಿನ್ ಒಟ್ಟು ಎಷ್ಟು ಗಂಟೆ ಓಡಿದೆ ಅಂತಲೂ ಇರುತ್ತೆ. ಕಿಲೋಮೀಟರನ್ನು ಗಂಟೆಯಿಂದ ಭಾಗಿಸು. 92 ಸಾವಿರಕ್ಕೆ 1,800 ಗಂಟೆ ಇದ್ದರೆ ಸರಾಸರಿ ಗಂಟೆಗೆ 51 ಕಿಲೋಮೀಟರ್ ಬಂತು, ಹೊಂದುತ್ತೆ. 3,500 ಗಂಟೆ ಇದ್ದರೆ 26. ಒಂದೋ ಕಾರು ಬರೀ ಸಿಗ್ನಲ್ಲುಗಳಲ್ಲೇ ಜೀವನ ಕಳೆದಿದೆ, ಇಲ್ಲ ಮೀಟರನ್ನು ಯಾರೋ ಹಿಂದಕ್ಕೆ ತಿರುಗಿಸಿದ್ದಾರೆ. ನಿನ್ನ ಪರಿಚಯದವರೇ ತಿರುಗಿಸಿರಬೇಕು ಅಂತೇನಿಲ್ಲ, ಅವರಿಗಿಂತ ಹಿಂದಿನ ಮಾಲೀಕನೂ ಇರಬಹುದು.

ಮಿಕ್ಕದ್ದನ್ನು ನೀನೇ ನೋಡಬಹುದು. ಟೈರಿನ ಮೇಲಿನ ನಾಲ್ಕಂಕಿ ಓದು: 3116 ಅಂದರೆ 2016ರ 31ನೇ ವಾರದ್ದು. ಕಡಿಮೆ ಓಡಿದ ಕಾರಿನಲ್ಲಿ ಪಟ್ಟೆ ಹೊಸದರ ಹಾಗಿದ್ದು ರಬ್ಬರು ಮುದಿಯಾಗಿರುತ್ತೆ. ಹಿಂದಿನ ಟೈರುಗಳ ಒಳಅಂಚಿಗೆ ಕೈ ಹಾಕಿ ನೋಡು, ಮೊದಲು ಅಲ್ಲೇ ಸವೆಯೋದು. ಮುಂದಿನ ಬಂಪರಿನ ಎರಡೂ ಬಾಯಿಗೆ ಟಾರ್ಚ್ ಬಿಡು. ರೇಡಿಯೇಟರ್, ಎಸಿ ಕಂಡೆನ್ಸರ್ ಇರುವುದು ಅಲ್ಲೇ. ಒಣಗಿದ ಎಲೆ ಸೇರಿಕೊಂಡು ಒದ್ದೆಯಾಗಿ ಲೋಹ ಕೊಳೆಸುತ್ತೆ. ಚಕ್ರದೊಳಗೆ ಡಿಸ್ಕನ್ನು ಹಿಡಿಯುವ ಬ್ರೇಕ್ ಕ್ಯಾಲಿಪರ್ ಹಳದಿ ಇದ್ದರೆ ಸೆರಾಮಿಕ್ ಡಿಸ್ಕು, ನೋಡೋಕೆ ಚೆಂದ, ಬದಲಾಯಿಸಬೇಕಾಗಿ ಬಂದರೆ ಅಳು ಬರುತ್ತೆ. ಕೆಂಪು ಇದ್ದರೆ ಮಾಮೂಲಿ ಉಕ್ಕು, ನಿನಗೆ ಅದೇ ಸಾಕು. ಬಣ್ಣದ ದಪ್ಪ ಅಳೆಯುವ ಯಂತ್ರ ವರ್ಕ್‌ಶಾಪಿನಲ್ಲಿರುತ್ತೆ, ನೂರು-ನೂರೈವತ್ತು ಮೈಕ್ರಾನ್ ಸುತ್ತಮುತ್ತ ಇದ್ದರೆ ಫ್ಯಾಕ್ಟರಿ ಬಣ್ಣ. ಒಂದು ಬಾಗಿಲು ಮಾತ್ರ ಅದರ ಎರಡರಷ್ಟು ತೋರಿಸಿದರೆ ಆ ಬಾಗಿಲಿನ ಕಥೆ ಕೇಳು.

'ಹೊಸ ಟ್ಯೂಫ್ ಆಗಿದೆ' ಅಂತ ಹೇಳ್ತಾರೆ, ಅದು ನಮ್ಮ ಎಫ್‌ಸಿ ಇದ್ದಂತೆ. ಎರಡು ವರ್ಷಕ್ಕೊಮ್ಮೆ ಬ್ರೇಕು, ದೀಪ, ತುಕ್ಕು, ಹೊಗೆ ನೋಡ್ತಾರೆ. ಸಿಲಿಂಡರ್ ಒಳಗೆ ಯಾರೂ ಇಣುಕಲ್ಲ. ಆರ್‌ಸಿ ಅಲ್ಲಿ ಎರಡು ಭಾಗ. ಎರಡನೆಯದು ಮಾರುವವರ ಕೈಯಲ್ಲೇ ಇದೆಯಾ ನೋಡು, ಸಾಲ ಇದ್ದರೆ ಅದು ಬ್ಯಾಂಕಿನಲ್ಲಿರುತ್ತೆ. ಡೀಲರ್ ಹತ್ತಿರ ಕೊಂಡರೆ ಕನಿಷ್ಠ ಒಂದು ವರ್ಷ ಕಾರಿನ ದೋಷಕ್ಕೆ ಕಾನೂನಿನ ಹೊಣೆ ಅವನದು. ಖಾಸಗಿಯವರು ಕರಾರಿನಲ್ಲೇ ಆ ಹೊಣೆ ಕಳಚಿಕೊಳ್ತಾರೆ, ನಮ್ಮವರೂ ಅದೇ ಫಾರಂ ತುಂಬೋದು.

ಬೆಲೆ ಬಗ್ಗೆ ಒಂದೇ ಮಾತು. ಹಳೇ ಕಾರಿನ ಬೆಲೆ ಇಳಿಯುತ್ತೆ, ಅದರ ಪಾರ್ಟ್ಸ್ ಬೆಲೆ ಇಳಿಯಲ್ಲ. ಇನ್ಶೂರೆನ್ಸಿನಲ್ಲೂ ಹೊಸಬನಾದ ನಿನಗೆ ನೋ-ಕ್ಲೈಮ್ ವರ್ಷಗಳಿಲ್ಲ, ಕಂತು ಕೇಳಿ ಕೂತುಬಿಡ್ತೀಯ. ಒಂದು ದೊಡ್ಡ ರಿಪೇರಿಯಷ್ಟು ದುಡ್ಡು ಪಕ್ಕಕ್ಕೆ ಎತ್ತಿಡೋಕೆ ಆಗದಿದ್ದರೆ ಈ ವರ್ಷ ಬೇಡ. 2009ರ ಮಾಡೆಲ್‌ನಿಂದ ಎಂಜಿನ್ನೇ ಬೇರೆ. ನನ್ನದು ಆ ಎರಡನೇ ತಲೆಮಾರಿನದು, ಕಾದು ಕೊಂಡೆ. ಸ್ಟುಟ್‌ಗಾರ್ಟಿನ ತ್ಸುಫೆನ್‌ಹೌಸೆನ್‌ನಲ್ಲಿ, ಅದು ತಯಾರಾದ ಫ್ಯಾಕ್ಟರಿ ಗೇಟಿನ ಮುಂದೆ ನಿಲ್ಲಿಸಿ ಅಪ್ಪನಿಗೆ ವಿಡಿಯೋ ಕಾಲ್ ಮಾಡಿದಾಗ, 'ಎಂಜಿನ್ ಹಿಂದ್ಗಡೇನಾ? ಆಟೋ ಥರಾನಾ?' ಅಂದರು. ಊರೆಲ್ಲಾ ಹೇಳಿಕೊಂಡು ಬಂದದ್ದು ಮಾತ್ರ ಅವರೇ.

ಮೈಸೂರಿಗೆ ತರುವ ಆಸೆ ಬಿಡು. ಎಡಗಡೆ ಸ್ಟೀರಿಂಗಿನ, ಮೂರು ವರ್ಷಕ್ಕಿಂತ ಹಳೆಯ ಸೆಕೆಂಡ್ ಹ್ಯಾಂಡ್ ಕಾರನ್ನು ನಮ್ಮ ಸರ್ಕಾರ ಒಳಗೆ ಬಿಡಲ್ಲ. ಬಿಟ್ಟರೂ ಇಲ್ಲಿ ಏನು ಮಾಡ್ತೀಯ? ಮೊನ್ನೆ ಬೆಂಗಳೂರಿನಿಂದ ಹೊಸ ಹೆದ್ದಾರಿಯಲ್ಲಿ ಬಂದೆ, ನೂರರ ಮಿತಿ. ಊರೊಳಗೆ ನಮ್ಮ ಬೀದಿಯ ಹಂಪ್ ದಾಟುವಷ್ಟರಲ್ಲಿ ಅದರ ಹೊಟ್ಟೆ ಕೆರೆದುಹೋಗುತ್ತೆ.

ಕಾರು ನೋಡೋಕೆ ಹೋಗುವ ಹಿಂದಿನ ರಾತ್ರಿಯೇ ಅವರಿಗೆ ಫೋನ್ ಮಾಡಿ, ಬೆಳಿಗ್ಗೆ ನಾನು ಬರೋವರೆಗೂ ಸ್ಟಾರ್ಟ್ ಮಾಡಬೇಡಿ ಅನ್ನು. ನಿನ್ನ ಲೈಸೆನ್ಸಿನ ಆರು ತಿಂಗಳು ಮುಗಿದಿದ್ದರೆ ಸ್ಟೀರಿಂಗ್ ಮುಟ್ಟಬೇಡ, ಪಕ್ಕದ ಸೀಟಿನಲ್ಲಿ ಕೂತು ಆಯಿಲ್ ಎಷ್ಟು ಬಿಸಿಯಾಗಿದೆ ಅಂತ ತೋರಿಸುವ ಮುಳ್ಳು ನೋಡ್ತಿರು. ಆಯಿಲ್ ಬಿಸಿಯಾಗುವ ಮೊದಲೇ ಅವರು ಎಳೆದಾಡಿಸಿದರೆ ಇಷ್ಟು ವರ್ಷ ಹೇಗೆ ಓಡಿಸಿದ್ದಾರೆ ಅಂತ ಗೊತ್ತಾಗುತ್ತೆ. ಮುಂದಿನ ಬಾನೆಟ್ಟಿನ ಒಳಗೆ ಅಂಟಿಸಿರುವ ಸ್ಟಿಕ್ಕರು, ನಾಲ್ಕೂ ಟೈರಿನ ಅಂಕಿ ಫೋಟೋ ತೆಗೆದು ಕಳಿಸು. ಕಂಪ್ಯೂಟರ್ ವರದಿ ಬಂದರೆ ಎಲ್ಲ ಪುಟವೂ ಬೇಕು. ನಮ್ಮ ಮನೆಯಲ್ಲಿ ಸಂಜೆ ಹೊತ್ತು ನೆಟ್‌ವರ್ಕ್ ಸರಿಯಿರಲ್ಲ, ಬೆಳಿಗ್ಗೆ ಕಳಿಸಿದರೆ ಅವತ್ತೇ ನೋಡ್ತೀನಿ.