ತಣ್ಣೀರಲ್ಲಿ ಕಳೆದುಹೋಗುವ ಉಪ್ಪು

ಪ್ರಶ್ನೆ: ನಮ್ಮ ತಾಲ್ಲೂಕಿನ ಮರಳಗಾಲದ ಕಲ್ಲಲ್ಲಿ ಲಿಥಿಯಂ ಇದೆಯಂತೆ. ಅದನ್ನು ಹೇಗೆ ತೆಗೀತಾರೆ? ಲಿಥಿಯಂ ಕಾರ್ಬೊನೇಟ್ ಬಿಸಿನೀರಲ್ಲಿ ಕಡಿಮೆ ಕರಗುತ್ತೆ ಅಂತ ಮಗಳ ಪುಸ್ತಕದಲ್ಲಿದೆ. ಅಚ್ಚಿನ ತಪ್ಪಾ?
– ಓದುಗರು, ಶ್ರೀರಂಗಪಟ್ಟಣ

ಉತ್ತರ: ತಪ್ಪಲ್ಲ. ಎಂ.ಎಸ್ಸಿ. ಓದುವಾಗ ಇದು ನನಗೆ ಸರಿಯಾಗಿ ಕೈಕೊಟ್ಟಿತ್ತು. ಲಿಥಿಯಂ ಕ್ಲೋರೈಡ್ ದ್ರಾವಣ ಕಾಯಿಸಿ, ಸೋಡಿಯಂ ಕಾರ್ಬೊನೇಟ್ ದ್ರಾವಣ ಸುರಿದೆ. ಅಕ್ಕಿಹಿಟ್ಟಿನಂಥ ಬಿಳಿ ಪುಡಿ ತಳಕ್ಕೆ ಕೂತಿತು. ಅದೇ ಲಿಥಿಯಂ ಕಾರ್ಬೊನೇಟ್. ಸೋಸಿದೆ. ಲೆಕ್ಕದ ಪ್ರಕಾರ 5 ಗ್ರಾಂ ಬರಬೇಕು. ಜೊತೆಗೇ ಹುಟ್ಟಿದ ಅಡುಗೆ ಉಪ್ಪು ಹೋಗಲಿ ಅಂತ ತಣ್ಣನೆಯ ಡಿಸ್ಟಿಲ್ಡ್ ವಾಟರ್ 200 ಮಿ.ಲೀ. ಹಾಕಿ ತೊಳೆದೆ. ಒಣಗಿಸಿ ತೂಗಿದರೆ ಅರ್ಧವೂ ಇಲ್ಲ! "ಬಿಸಿನೀರಲ್ಲಿ ತೊಳೀಬೇಕಿತ್ತು ಸಾರ್, ಇದು ಉಲ್ಟಾ ಉಪ್ಪು" ಅಂತ ಲ್ಯಾಬ್ ಅಟೆಂಡರ್ ನಕ್ಕರು.

100 ಮಿ.ಲೀ. ನೀರಲ್ಲಿ ಇದು 20 ಡಿಗ್ರಿಯಲ್ಲಿ ಸುಮಾರು 1.3 ಗ್ರಾಂ ಕರಗುತ್ತದೆ, ಕುದಿಯುವ ನೀರಲ್ಲಿ ಬರೀ 0.7 ಗ್ರಾಂ. ಕರಗುವಾಗ ಇದು ಶಾಖ ಹೊರಬಿಡುತ್ತದೆ. ಅದಕ್ಕೇ ನೀರು ಕಾದಷ್ಟೂ ಕರಗುವುದು ಕಮ್ಮಿ.

ಕಾರ್ಖಾನೆಯವರಿಗೆ ಈ ಉಲ್ಟಾ ಬುದ್ಧಿಯೇ ಲಾಭ. ಮರಳಗಾಲದಲ್ಲಿರುವುದು ಸ್ಪಾಡ್ಯುಮೀನ್ ಅನ್ನೋ ಖನಿಜ. (ಅಂದಾಜು ಬರೀ 1,600 ಟನ್ ಲಿಥಿಯಂ. ಜಾಸ್ತಿ ಆಸೆ ಬೇಡ.) ಇದನ್ನು ಹಾಗೇ ಆಸಿಡ್‌ಗೆ ಹಾಕಿದರೆ ಜಗ್ಗುವುದಿಲ್ಲ. ಮೊದಲು ಸುಮಾರು 1,050 ಡಿಗ್ರಿಯಲ್ಲಿ ಹುರಿಯಬೇಕು. ಆಗ ಕಲ್ಲಿನ ಒಳಗಿನ ಕಟ್ಟು ಸಡಿಲವಾಗುತ್ತದೆ. ಆಮೇಲೆ ಸಲ್ಫ್ಯೂರಿಕ್ ಆಸಿಡ್ ಬೆರೆಸಿ 250 ಡಿಗ್ರಿಗೆ ಕಾಯಿಸಿ, ನೀರು ಹಾಕಿದರೆ ಲಿಥಿಯಂ ಸಲ್ಫೇಟ್ ಕರಗಿ ಬರುತ್ತದೆ. ಕಬ್ಬಿಣ, ಕ್ಯಾಲ್ಸಿಯಂ ಇತ್ಯಾದಿ ತೆಗೆದು, 90 ಡಿಗ್ರಿ ಆಸುಪಾಸಿನ ಬಿಸಿಯಲ್ಲೇ ಸೋಡಾ ಆ್ಯಶ್ (ಅದೇ ಸೋಡಿಯಂ ಕಾರ್ಬೊನೇಟ್) ಹಾಕುತ್ತಾರೆ. ಕಾರ್ಬೊನೇಟ್ ತಳ ಸೇರುತ್ತದೆ. ಚಿಲಿ ದೇಶದ ಅಟಕಾಮಾದಲ್ಲಿ ಕಲ್ಲಿನ ರಗಳೆ ಇಲ್ಲ. ಉಪ್ಪುನೀರನ್ನು ತಿಂಗಳುಗಟ್ಟಲೆ ಬಿಸಿಲಿಗೆ ಬಿಟ್ಟು ಗಟ್ಟಿ ಮಾಡುತ್ತಾರೆ. ಕೊನೆಯ ಹೆಜ್ಜೆ ಮಾತ್ರ ಅಲ್ಲೂ ಸೋಡಾ ಆ್ಯಶೇ.

ಉಪ್ಪು ಅಂದೆ ಅಂತ ನಾಲಿಗೆಗೆ ಇಡಬೇಡಿ. ಮಾನಸಿಕ ಕಾಯಿಲೆಗೆ ಕೊಡುವ ಲಿಥಿಯಂ ಮಾತ್ರೆಯಲ್ಲಿರುವುದೂ ಇದೇ ಲಿಥಿಯಂ ಕಾರ್ಬೊನೇಟ್. ಡೋಸ್ ಸ್ವಲ್ಪ ಹೆಚ್ಚಾದರೂ ವಿಷ. ರಕ್ತ ಪರೀಕ್ಷೆ ಮಾಡಿಸುತ್ತಲೇ ಇರಬೇಕು.

ಪುಡಿ ಶುದ್ಧವಾಯಿತಾ ಅಂತ ನೋಡಲು ನಾವು ಚಿಟಿಕೆ ಪುಡಿಗೆ ಹೈಡ್ರೋಕ್ಲೋರಿಕ್ ಆಸಿಡ್ ತಾಗಿಸಿ, ತಂತಿಯ ತುದಿಯಲ್ಲಿ ಬರ್ನರ್ ಜ್ವಾಲೆಗೆ ಹಿಡಿಯುತ್ತಿದ್ದೆವು. ಕುಂಕುಮದಂಥ ಕೆಂಪು ಬಂದರೆ ಲಿಥಿಯಂ. ಹಳದಿಯೇ ಮುಂದಾಗಿ ಕಂಡರೆ ಸೋಡಿಯಂ ಇನ್ನೂ ಉಳಿದಿದೆ, ಮತ್ತೆ ನೀರು ಕಾಯಿಸಿ.