ಹಳಿ ಖಾಲಿ ಕಂಡರೂ ರೈಲು ಯಾಕೆ ಸಿಗುವುದಿಲ್ಲ?

ಮಂಗಳೂರು–ಪುತ್ತೂರು–ಸುಬ್ರಹ್ಮಣ್ಯ ರೋಡ್ ಮಾರ್ಗದ ಬಗ್ಗೆಯೂ ಉಡುಪಿ ಕಡೆಯ ಕೊಂಕಣ ರೈಲ್ವೆ ಬಗ್ಗೆಯೂ ಓದುಗರು ಕೇಳಿದ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಿದ್ದೇನೆ. ರೈಲುಗಳ ಓಡಾಟವನ್ನು ನಿಯಂತ್ರಿಸುವ ರೈಲ್ವೆಯ ಕಂಟ್ರೋಲ್ ಆಫೀಸಿನಲ್ಲಿ ಕೆಲಸ ಮಾಡಿದವನು ನಾನು. ಅಲ್ಲಿ ನಡೆಯುವ ಲೆಕ್ಕಾಚಾರ ಪ್ರಯಾಣಿಕರಿಗೂ ಗೊತ್ತಿರಬೇಕು ಅನ್ನುವುದು ನನ್ನ ಆಸೆ. ಮೊದಲ ಪ್ರಶ್ನೆ ಪುತ್ತೂರಿನಿಂದ.

ನಾನು ಮಂಗಳೂರಿನ ಅಂಗಡಿಯೊಂದರಲ್ಲಿ ಕೆಲಸ ಮಾಡುತ್ತೇನೆ, ಮನೆ ಪುತ್ತೂರು. ಕೆಲಸ ಬಿಡುವಾಗ ರಾತ್ರಿ ಎಂಟಾಗುತ್ತದೆ. ಅಷ್ಟೊತ್ತಿಗೆ ಸಂಜೆಯ ಲೋಕಲ್ ಹೋಗಿರುತ್ತದೆ. ಹಳಿ ಗಂಟೆಗಟ್ಟಲೆ ಖಾಲಿ, ಸೆಂಟ್ರಲ್‌ನಲ್ಲಿ ಬೋಗಿಗಳು ಸುಮ್ನೆ ನಿಂತಿರುತ್ತವೆ. ಮತ್ತೊಂದು ರೈಲು ಬಿಡೋಕೆ ಏನು ಕಷ್ಟ? — ಪುತ್ತೂರಿನ ಓದುಗರು

ನಿಮ್ಮ ಪ್ರಶ್ನೆಯಲ್ಲಿ ಎರಡು ವಿಷಯ ಇವೆ. ಒಂದು ಹಳಿ, ಇನ್ನೊಂದು ರೇಕ್, ಅಂದರೆ ಒಟ್ಟಿಗೆ ಓಡುವ ಬೋಗಿಗಳ ಒಂದು ಸೆಟ್. ಎರಡಕ್ಕೂ ಬೇರೆ ಬೇರೆ ಉತ್ತರ.

ಮೊದಲು ಹಳಿ. ಪಡೀಲ್‌ನಿಂದ ಆಚೆ ನಿಮ್ಮದು ಒಂಟಿ ಹಳಿ. ಅಕ್ಕಪಕ್ಕದ ಎರಡು ನಿಲ್ದಾಣಗಳ ನಡುವೆ ಒಂದು ಹೊತ್ತಿಗೆ ಒಂದೇ ರೈಲು ಇರಬಹುದು. ಕಂಟ್ರೋಲ್ ಆಫೀಸಿನ ಮೇಜಿನ ಮೇಲೆ ಹಿಂದೆ ಒಂದು ದೊಡ್ಡ ಹಾಳೆ ಹರಡಿರುತ್ತಿತ್ತು. ಅಡ್ಡಕ್ಕೆ 24 ಗಂಟೆ, ಉದ್ದಕ್ಕೆ ನಿಲ್ದಾಣಗಳ ಹೆಸರು. ಪ್ರತಿ ರೈಲಿಗೂ ಒಂದು ಓರೆ ಗೆರೆ. ಹೋಗುವ ರೈಲಿನ ಗೆರೆ ಏರುತ್ತದೆ, ಬರುವ ರೈಲಿನದ್ದು ಇಳಿಯುತ್ತದೆ. ಎರಡು ಗೆರೆ ಒಂದನ್ನೊಂದು ದಾಟುವ ಜಾಗ ಕ್ರಾಸಿಂಗ್ ನಿಲ್ದಾಣವೇ ಆಗಿರಬೇಕು, ಅಂದರೆ ಒಂದು ರೈಲು ಪಕ್ಕದ ಲೂಪ್ ಲೈನಿಗೆ ಸರಿದು ಇನ್ನೊಂದಕ್ಕೆ ದಾರಿ ಬಿಡುವ ನಿಲ್ದಾಣ. ನಡುವೆ ಎಲ್ಲಾದರೂ ದಾಟಿದರೆ ಅದನ್ನು ಅಳಿಸಿ, ಒಂದು ರೈಲನ್ನು ಹಿಂದಿನ ನಿಲ್ದಾಣದಲ್ಲೇ ನಿಲ್ಲಿಸಬೇಕು. ಈಗ ಆ ಹಾಳೆಯ ಜಾಗಕ್ಕೆ ಕಂಪ್ಯೂಟರ್ ಪರದೆ ಬಂದಿದೆ, ಲೆಕ್ಕ ಬದಲಾಗಿಲ್ಲ. ನಿಮಗೆ ಗಂಟೆಗಟ್ಟಲೆ ಖಾಲಿ ಕಾಣುವ ಹಳಿಯಲ್ಲಿ ಎಷ್ಟು ಗೆರೆ ಹಿಡಿಸುತ್ತದೆ ಅನ್ನುವುದೇ ಆ ಮಾರ್ಗದ ಸಾಮರ್ಥ್ಯ.

ಇದನ್ನು ಅಳೆಯಲು ಸ್ಕಾಟ್ ಸೂತ್ರ ಅಂತ ಒಂದಿದೆ. ಸುಲಭದ ಲೆಕ್ಕ. ಮಾರ್ಗದಲ್ಲಿ ದಾಟಲು ಅತಿ ಹೆಚ್ಚು ಹೊತ್ತು ಬೇಕಾಗುವ ಬ್ಲಾಕ್ ಹಿಡಿಯಿರಿ. ಬ್ಲಾಕ್ ಅಂದರೆ ಎರಡು ಕ್ರಾಸಿಂಗ್ ನಿಲ್ದಾಣಗಳ ನಡುವಿನ ದಾರಿ. ನಿಧಾನದ ರೈಲು ಅದನ್ನು ದಾಟಲು ಬೇಕಾದ ನಿಮಿಷಕ್ಕೆ, ಸಿಗ್ನಲ್ ಕೊಡಲು, ಮುಂದಿನ ನಿಲ್ದಾಣದಿಂದ ಲೈನ್ ಕ್ಲಿಯರ್ (ರೈಲು ಕಳಿಸಲು ಅನುಮತಿ) ತೆಗೆದುಕೊಳ್ಳಲು ಬೇಕಾದ ನಿಮಿಷ ಸೇರಿಸಿ. ದಿನದ 1,440 ನಿಮಿಷವನ್ನು ಅದರಿಂದ ಭಾಗಿಸಿ. ಬಂದದ್ದರಲ್ಲಿ 70 ಶೇಕಡಾ ಮಾತ್ರ ಇಟ್ಟುಕೊಳ್ಳಿ. ಉಳಿದದ್ದು ಹಳಿ ದುರಸ್ತಿಗೆ, ತಡವಾಗಿ ಬರುವ ರೈಲುಗಳಿಗೆ. ಉದಾಹರಣೆಗೆ ದಾಟಲು 20 ನಿಮಿಷ, ಸಿಗ್ನಲ್ ಕೆಲಸಕ್ಕೆ 5 ನಿಮಿಷ ಅಂದರೆ ದಿನಕ್ಕೆ ಸುಮಾರು 40 ರೈಲು. ಹೋಗುವುದು ಬರುವುದು, ಗೂಡ್ಸ್ ಪ್ಯಾಸೆಂಜರ್ ಎಲ್ಲ ಸೇರಿ.

ಅದೇ ಬ್ಲಾಕಿನ ನಡುಮಧ್ಯೆ ಒಂದು ಕ್ರಾಸಿಂಗ್ ನಿಲ್ದಾಣ ಕಟ್ಟಿದರೆ ದಾಟುವ ಹೊತ್ತು 10 ನಿಮಿಷಕ್ಕೆ ಇಳಿಯುತ್ತದೆ. ಲೆಕ್ಕ 67ಕ್ಕೆ ಏರುತ್ತದೆ. ಆಗ ಮಾರ್ಗದ ಇನ್ಯಾವುದೋ ಬ್ಲಾಕ್ ಅಡ್ಡ ಬರುತ್ತದೆ ನಿಜ. ಆದರೂ ಒಂದು ಲೂಪ್ ಲೈನಿನಿಂದ ಎಷ್ಟು ಬದಲಾವಣೆ ಆಗುತ್ತದೆ ನೋಡಿ.

ನಿಮ್ಮ ಮಾರ್ಗಕ್ಕೆ ಇನ್ನೊಂದು ಕಷ್ಟ ಇದೆ, ಅದು ಘಾಟ್. ಸುಬ್ರಹ್ಮಣ್ಯ ರೋಡ್‌ನಿಂದ ಸಕಲೇಶಪುರದವರೆಗಿನ ಸುಮಾರು 55 ಕಿಲೋಮೀಟರ್‌ನಲ್ಲಿ 57 ಸುರಂಗ. 50 ಮೀಟರ್ ಹೋದರೆ ಒಂದು ಮೀಟರ್ ಏರು. ವೇಗ ಗಂಟೆಗೆ 30 ಕಿಲೋಮೀಟರ್ ಆಸುಪಾಸು. ಪಣಂಬೂರಿನಿಂದ ಕಲ್ಲಿದ್ದಲು ಹೊತ್ತ ಗೂಡ್ಸ್ ಹತ್ತಬೇಕಾದರೆ ಹಿಂದಿನಿಂದ ತಳ್ಳಲು ಬ್ಯಾಂಕರ್ ಇಂಜಿನ್ ಬೇಕು. ತಳ್ಳಿ ಮುಗಿಸಿದ ಬ್ಯಾಂಕರ್ ವಾಪಸ್ ಇಳಿಯಬೇಕಲ್ವಾ? ಖಾಲಿ ಇಂಜಿನ್ ಆದರೂ ಹಳಿಯ ಮೇಲೆ ಅದಕ್ಕೂ ಪೂರ್ತಿ ಒಂದು ರೈಲಿನ ಜಾಗ ಬೇಕು. ಘಾಟಿನಲ್ಲಿ ಜಾಗ ಸಿಗುವವರೆಗೆ ಗೂಡ್ಸ್‌ಗಳು ಕೆಳಗಿನ ನಿಲ್ದಾಣಗಳ ಲೂಪ್‌ಗಳಲ್ಲಿ ಕಾಯುತ್ತವೆ. ಲೂಪ್ ತುಂಬಿತು ಅಂದರೆ ನಿಮ್ಮ ಲೋಕಲ್‌ಗೆ ಕ್ರಾಸಿಂಗ್ ಮಾಡಲು ಜಾಗ ಇಲ್ಲ. ಪುತ್ತೂರಿನ ಲೋಕಲ್ ಘಾಟ್ ಹತ್ತುವುದೇ ಇಲ್ಲ, ಆದರೂ ಘಾಟಿನ ಬಿಸಿ ಅದಕ್ಕೆ ತಟ್ಟುತ್ತದೆ.

ಇನ್ನು ರೇಕ್. ಸೆಂಟ್ರಲ್‌ನಲ್ಲಿ ನಿಂತಿರುವ ಬೋಗಿಗಳೆಲ್ಲ ಸುಮ್ನೆ ನಿಂತಿಲ್ಲ. ದೂರದಿಂದ ಬಂದ ರೇಕ್ ಪಿಟ್ ಲೈನಿಗೆ ಹೋಗಬೇಕು. ಅಲ್ಲಿ ಬ್ರೇಕ್, ಚಕ್ರ, ಕೆಳಭಾಗ ಎಲ್ಲ ನೋಡಿ, ತೊಳೆದು, ನೀರು ತುಂಬಿಸಿ ಬಿಡಲು ಆರು ಗಂಟೆ ಬೇಕು. ಆ ಹೊತ್ತಿಗೆ ಕೈ ಹಾಕಲೇಬಾರದು. ಅದು ಪ್ರಯಾಣಿಕರ ಜೀವದ ಪ್ರಶ್ನೆ. ಆದರೆ ತಪಾಸಣೆ ಮುಗಿಸಿ, ಮುಂದಿನ ಓಟಕ್ಕೆ ಇನ್ನೂ ನಾಲ್ಕೈದು ಗಂಟೆ ಇರುವ ರೇಕ್‌ಗಳೂ ಇರುತ್ತವೆ. ನೀವು ಕೇಳಬೇಕಾದದ್ದು ಅವನ್ನು. 2025ರ ಏಪ್ರಿಲ್‌ನಲ್ಲಿ ಪುತ್ತೂರಿನವರೆಗೆ ಮಾತ್ರ ಹೋಗುತ್ತಿದ್ದ ಲೋಕಲ್ ಅನ್ನು ಸುಬ್ರಹ್ಮಣ್ಯ ರೋಡ್‌ವರೆಗೆ ಮುಂದುವರಿಸಿದರಲ್ಲ, ಅದಕ್ಕೇನು ಹೊಸ ಬೋಗಿ ಕಾರ್ಖಾನೆಯಿಂದ ಬರಲಿಲ್ಲ. ಇದ್ದ ರೇಕ್ ಜಾಸ್ತಿ ಓಡಿತು, ಅಷ್ಟೇ. ಆದರೆ ಅದಕ್ಕಾಗಿ ಊರವರು ಕೇಳಿ ಕೇಳಿ ಸಾಕಾಗಿದ್ದರು.

ರಾತ್ರಿ ಎಂಟರ ಹೊತ್ತಿಗೆ ಬರೋಣ. ಬೆಂಗಳೂರಿನ ರಾತ್ರಿ ರೈಲುಗಳು ಇದೇ ಹಳಿ ಹಿಡಿಯುವ ಸಮಯ ಅದು. ಲೋಕಲ್ ಅವುಗಳ ಮುಂದೆ ಹೊರಟರೆ ದಾರಿಯಲ್ಲಿ ಎಲ್ಲೋ ಲೂಪಿಗೆ ಸರಿದು ದಾರಿ ಬಿಡಬೇಕಾದೀತು. ಬಿ.ಸಿ. ರೋಡ್‌ನಲ್ಲೋ ಪುತ್ತೂರಿನಲ್ಲೋ ಅರ್ಧ ಗಂಟೆ ಕೂತರೆ ಜನ ಬಸ್ಸೇ ವಾಸಿ ಅಂದುಕೊಳ್ಳುತ್ತಾರೆ. ಆದ್ದರಿಂದ ಎಕ್ಸ್‌ಪ್ರೆಸ್ ಹೊರಟ ಮೇಲೆ, ಅದರ ಬೆನ್ನಿಗೇ ಬಿಡಿ ಅಂತ ಕೇಳಿ. ರಾತ್ರಿ ಆ ರೇಕ್ ಸುಬ್ರಹ್ಮಣ್ಯ ರೋಡ್‌ನಲ್ಲೇ ಉಳಿಯಲಿ, ಬೆಳಿಗ್ಗೆ ಬೇಗ ಅದೇ ಮಂಗಳೂರಿಗೆ ಬರಲಿ. ಬೆಳಿಗ್ಗೆ ವೆನ್ಲಾಕ್ ಆಸ್ಪತ್ರೆಗೆ ಬರುವವರಿಗೂ ಕಾಲೇಜಿನ ಮಕ್ಕಳಿಗೂ ಅನುಕೂಲ. ಇದಕ್ಕೆ ಬೇಕಾದದ್ದು ರಾತ್ರಿ ನಿಲ್ಲಿಸಲು ಒಂದು ಲೈನ್, ಲೋಕೋ ಪೈಲಟ್ ಮತ್ತು ಗಾರ್ಡ್ ಮಲಗಲು ಒಂದು ರನ್ನಿಂಗ್ ರೂಮ್, ಬೋಗಿಗೆ ನೀರು, ಕಾವಲು. ಹಳಿ ಜೋಡಿ ಮಾಡುವುದಕ್ಕೆ ಹೋಲಿಸಿದರೆ ಇದು ಏನೇನೂ ಅಲ್ಲ. ನನ್ನ ಮಟ್ಟಿಗೆ ಈ ಮಾರ್ಗಕ್ಕೆ ಮೊದಲು ಆಗಬೇಕಾದ ಕೆಲಸ ಇದೇ.

ನಿಲ್ದಾಣ ಕಣ್ಣೆದುರೇ ಕಾಣುತ್ತಿರುತ್ತದೆ, ರೈಲು ಹೊರಗೆ ನಿಂತಿರುತ್ತದೆ. ಪ್ಲಾಟ್‌ಫಾರ್ಮ್ ಖಾಲಿ ಇದ್ದರೂ ಒಳಗೆ ಬಿಡುವುದಿಲ್ಲ. ಸ್ಟೇಷನ್ ಮಾಸ್ಟರ್ ಯಾಕೆ ಹೀಗೆ ಮಾಡುತ್ತಾರೆ? — ಬಂಟ್ವಾಳದ ಓದುಗರು

ಸ್ಟೇಷನ್ ಮಾಸ್ಟರ್ ಬೇಕೆಂದು ಮಾಡುವುದಲ್ಲ, ದಯವಿಟ್ಟು ಅವರ ಮೇಲೆ ಸಿಟ್ಟಾಗಬೇಡಿ. ಎದುರಿನಿಂದ ಇನ್ನೊಂದು ರೈಲು ಅದೇ ನಿಲ್ದಾಣಕ್ಕೆ ಬರುತ್ತಿರುತ್ತದೆ. ಎರಡನ್ನೂ ಒಟ್ಟಿಗೆ ಒಳಗೆ ಬಿಟ್ಟು, ಒಂದು ರೈಲು ಬ್ರೇಕ್ ಹಿಡಿಯದೆ, ನಿಲ್ದಾಣದಿಂದ ಹೊರಡಲು ಇರುವ ಸ್ಟಾರ್ಟರ್ ಸಿಗ್ನಲ್ ದಾಟಿ ಮುಂದೆ ಜಾರಿದರೆ? ಡಿಕ್ಕಿ. ಹಾಗಾಗಬಾರದು ಅಂತ ಸಿಗ್ನಲ್‌ನ ಆಚೆಗೂ 120 ಮೀಟರ್ ಹಳಿ ಖಾಲಿ ಇರಬೇಕೆಂಬ ನಿಯಮ ಇದೆ. ಆ ಜಾಗ ಇಲ್ಲದ ನಿಲ್ದಾಣಗಳಲ್ಲಿ ಮೊದಲು ಒಂದು ರೈಲು ಬಂದು ಪೂರ್ತಿ ನಿಲ್ಲಬೇಕು. ಇನ್ನೊಂದು ಅಲ್ಲಿಯವರೆಗೆ ನಿಲ್ದಾಣದ ಒಳಗೆ ಬರಲು ಇರುವ ಹೋಮ್ ಸಿಗ್ನಲ್ ಹೊರಗೆ ಕಾಯಬೇಕು.

ಎರಡು ರೈಲನ್ನು ಒಟ್ಟಿಗೆ ಒಳಗೆ ತೆಗೆದುಕೊಳ್ಳುವ ವ್ಯವಸ್ಥೆ ಮಾಡಬಹುದು. ಲೂಪಿನ ತುದಿಯಲ್ಲಿ ಹಳಿಯನ್ನು ಸ್ವಲ್ಪ ಉದ್ದ ಮಾಡಿ, ಜಾರಿದ ರೈಲು ಪಕ್ಕಕ್ಕೆ ಹೋಗಿ ಮರಳಿನ ದಿಬ್ಬದಲ್ಲಿ ನಿಲ್ಲುವಂತೆ ಮಾಡುತ್ತಾರೆ. ಇನ್ನೊಂದು ಸುಧಾರಣೆ ಲೂಪಿನ ಬಾಯಿಯಲ್ಲಿ ರೈಲನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗಿಸುವ ಪಾಯಿಂಟ್. ಹಳೆಯ ಮಾದರಿಯಲ್ಲಿ 15 ಕಿಲೋಮೀಟರ್ ವೇಗದಲ್ಲಿ ಮಾತ್ರ ಒಳಗೆ ಹೋಗಬಹುದು, ಹೊಸದರಲ್ಲಿ 30. ಉದ್ದದ ಗೂಡ್ಸ್ ಒಂದು ಸುಮಾರು 650 ಮೀಟರ್ ಇರುತ್ತದೆ. ಅದರ ಕೊನೆಯ ವ್ಯಾಗನ್ ಮೇನ್ ಲೈನ್ ಬಿಟ್ಟು ಒಳಗೆ ಸರಿಯುವವರೆಗೆ ಎದುರಿನ ರೈಲು ಅಲುಗಾಡುವ ಹಾಗಿಲ್ಲ. ವೇಗ ದುಪ್ಪಟ್ಟಾದರೆ ಬರೀ ಇದೊಂದರಲ್ಲೇ ಪ್ರತಿ ಕ್ರಾಸಿಂಗಿಗೆ ಒಂದೂಕಾಲು ನಿಮಿಷದಷ್ಟು ಉಳಿಯುತ್ತದೆ. ದಿನದ ಎಲ್ಲ ಕ್ರಾಸಿಂಗ್ ಸೇರಿಸಿದರೆ ಸಣ್ಣ ಲಾಭ ಅಲ್ಲ.

ಉಡುಪಿ–ಮಂಗಳೂರು ಹಳಿ ಜೋಡಿ ಮಾಡದೆ ಲೋಕಲ್ ರೈಲು ಜಾಸ್ತಿ ಮಾಡಲು ಸಾಧ್ಯವೇ ಇಲ್ಲ ಅನ್ನುತ್ತಾರೆ. ನಿಜವೇ? — ಉಡುಪಿಯ ಓದುಗರು

ಪೂರ್ತಿ ನಿಜ ಅಲ್ಲ. ಇನ್ನಂಜೆಯನ್ನೇ ನೋಡಿ. ಪಡುಬಿದ್ರಿ ಮತ್ತು ಉಡುಪಿ ನಡುವಿನ ಈ ನಿಲ್ದಾಣದಲ್ಲಿ ಹಿಂದೆ ಕ್ರಾಸಿಂಗ್ ಸೌಲಭ್ಯ ಇರಲಿಲ್ಲ. ಕೊಂಕಣ ರೈಲ್ವೆ ಅದನ್ನು ಕ್ರಾಸಿಂಗ್ ನಿಲ್ದಾಣ ಮಾಡಿತು. ಮೇಲೆ ಹೇಳಿದ ಲೆಕ್ಕ ಇಲ್ಲಿ ಹಳಿಯ ಮೇಲೇ ಕಾಣುತ್ತದೆ. ಒಂದು ಉದ್ದ ಬ್ಲಾಕ್ ಎರಡು ತುಂಡಾಯಿತು, ಉಡುಪಿಯಲ್ಲೋ ಪಡುಬಿದ್ರಿಯಲ್ಲೋ ಕಾಯುತ್ತಿದ್ದ ರೈಲುಗಳಿಗೆ ನಡುವೆ ಒಂದು ಜಾಗ ಸಿಕ್ಕಿತು. 2022ರಲ್ಲಿ ಇಡೀ ಮಾರ್ಗದ ವಿದ್ಯುದೀಕರಣವೂ ಮುಗಿಯಿತು.

ಜೋಡಿ ಹಳಿಯ ಮಾತು ಬೇರೆ. ಮುಂಬೈ ಕಡೆಯ ತುದಿಯಲ್ಲಿ ರೋಹಾದಿಂದ ವೀರ್‌ವರೆಗೆ ಸುಮಾರು 47 ಕಿಲೋಮೀಟರ್ ಜೋಡಿಯಾದದ್ದು 2021ರಲ್ಲಿ. 740 ಕಿಲೋಮೀಟರ್ ಹತ್ತಿರದ ಮಾರ್ಗದಲ್ಲಿ ಅಷ್ಟೇ. ಸೇತುವೆ, ಸುರಂಗ, ಕಡಿದ ಗುಡ್ಡ ತುಂಬಿರುವ ಈ ದಾರಿಯಲ್ಲಿ ಎರಡನೇ ಹಳಿಗೆ ಬೇಕಾಗುವ ಹಣ ದೊಡ್ಡದು. ಮಂಗಳೂರು ಬಳಿಯ ತೋಕೂರಿನಿಂದ ಉಡುಪಿಯವರೆಗೆ ಅದು ಬೇಕೇ ಬೇಕು ಅನ್ನುವುದರಲ್ಲಿ ನನಗೂ ಅನುಮಾನ ಇಲ್ಲ. ಆದರೆ ಅದಕ್ಕಾಗಿ ಕಾಯುತ್ತಾ ಇವತ್ತು ಆಗುವ ಕೆಲಸವನ್ನು ಬಿಟ್ಟುಕೊಡಬಾರದು. ಇವತ್ತು ಆಗುವ ಕೆಲಸ ಅಂದರೆ ಮೆಮು, ಅಂದರೆ ವಿದ್ಯುತ್ತಿನಲ್ಲಿ ಓಡುವ, ಪ್ರತ್ಯೇಕ ಇಂಜಿನ್ ಬೇಡದ ಲೋಕಲ್ ರೈಲು.

ಸಾಮಾನ್ಯ ಪ್ಯಾಸೆಂಜರ್‌ನಲ್ಲಿ ಒಂದು ಇಂಜಿನ್ ಇಡೀ ರೈಲನ್ನು ಎಳೆಯುತ್ತದೆ. ಕೊನೆಯ ನಿಲ್ದಾಣದಲ್ಲಿ ಇಂಜಿನ್ ಕಳಚಿ, ಇನ್ನೊಂದು ಲೈನಿನಲ್ಲಿ ಸುತ್ತಿಸಿ, ಆ ತುದಿಗೆ ಜೋಡಿಸಿ, ಬ್ರೇಕ್ ಪರೀಕ್ಷೆ ಮಾಡಬೇಕು. ಮೆಮುವಿಗೆ ಎರಡೂ ತುದಿಯಲ್ಲಿ ಚಾಲಕರ ಕೋಣೆ. ಲೋಕೋ ಪೈಲಟ್ ಈ ತುದಿಯಿಂದ ಆ ತುದಿಗೆ ನಡೆದರೆ ಸಾಕು. ಮೋಟಾರ್‌ಗಳು ರೈಲಿನ ಉದ್ದಕ್ಕೂ ಹಂಚಿರುವುದರಿಂದ ಬೇಗ ವೇಗ ಹಿಡಿಯುತ್ತದೆ. ಮೂಲ್ಕಿ, ನಂದಿಕೂರು, ಪಡುಬಿದ್ರಿ, ಇನ್ನಂಜೆ ಅಂತ ನಿಂತು ನಿಂತು ಹೋಗುವ ಲೋಕಲ್‌ಗೆ ಇದೇ ಸರಿಯಾದ ಬಂಡಿ. ಪುತ್ತೂರಿನ ದಾರಿಗೂ ಅಷ್ಟೇ. ತೊಡಕು ಒಂದಿದೆ: ಮೆಮುವಿಗೆ ಅದರದ್ದೇ ಶೆಡ್ ಬೇಕು. ನಮ್ಮ ಕಡೆಗೆ ಹತ್ತಿರದ್ದು ಅಂದರೆ ಪಾಲಕ್ಕಾಡಿನದ್ದು. ಮೆಮು ಕೇಳುವವರು ಮಂಗಳೂರಿನಲ್ಲಿ ಸಣ್ಣ ಮಟ್ಟದ ನಿರ್ವಹಣೆ ವ್ಯವಸ್ಥೆಯನ್ನೂ ಜೊತೆಗೇ ಕೇಳಬೇಕು.

ಹೊಸ ರೈಲು ಬೇಡ, ಇರುವುದಕ್ಕೇ ನಾಲ್ಕು ಬೋಗಿ ಸೇರಿಸಬಹುದಲ್ಲ? — ಕುಂದಾಪುರದ ಓದುಗರು

ಸಣ್ಣ ಲೋಕಲ್‌ಗೆ ಸೇರಿಸಬಹುದು, ಸೇರಿಸಬೇಕು ಕೂಡ. ಇದಕ್ಕೆ ಹೊಸ ಸಮಯ ಹುಡುಕಬೇಕಾಗಿಲ್ಲ, ಹೊಸ ಸಿಬ್ಬಂದಿಯೂ ಬೇಡ. ನೋಡಬೇಕಾದದ್ದು ಪ್ಲಾಟ್‌ಫಾರ್ಮ್ ಉದ್ದ. ಹಳೆಯ ಐಸಿಎಫ್ ಮಾದರಿಯ ಬೋಗಿ ಸುಮಾರು 22 ಮೀಟರ್, ಹೊಸ ಎಲ್‌ಎಚ್‌ಬಿ ಮಾದರಿಯದ್ದು ಸುಮಾರು 24 ಮೀಟರ್. 24 ಬೋಗಿ ಇದ್ದ ಎಕ್ಸ್‌ಪ್ರೆಸ್‌ಗಳು ಎಲ್‌ಎಚ್‌ಬಿ ಆದಾಗ 22ಕ್ಕೆ ಇಳಿದದ್ದು ಈ ಉದ್ದದಿಂದಲೇ. ಹಳ್ಳಿಯ ಹಾಲ್ಟ್‌ಗಳಲ್ಲಿ ಪ್ಲಾಟ್‌ಫಾರ್ಮ್ ಗಿಡ್ಡ. ಕೊನೆಯ ಬೋಗಿ ಹೊರಗೆ ನಿಂತರೆ ವಯಸ್ಸಾದವರು ಮಳೆಗಾಲದಲ್ಲಿ ಜಲ್ಲಿಕಲ್ಲಿನ ಮೇಲೆ ಇಳಿಯಬೇಕಾಗುತ್ತದೆ. ಬೋಗಿ ಕೇಳುವಾಗ ಪ್ಲಾಟ್‌ಫಾರ್ಮ್ ವಿಸ್ತರಣೆಯನ್ನೂ ಸೇರಿಸಿ ಕೇಳಿ.

ನಮ್ಮ ಊರಿನಲ್ಲೂ ಒಂದು ಹಾಲ್ಟ್ ಬೇಕು ಅಂತ ಮನವಿ ಬರೆಯುತ್ತಿದ್ದೇವೆ. ಯಾರಿಗೆ ಕೊಡಬೇಕು? — ಕಡಬ ತಾಲ್ಲೂಕಿನ ಓದುಗರು

ಮಂಗಳೂರು ಸೆಂಟ್ರಲ್ ಮತ್ತು ಜಂಕ್ಷನ್ ದಕ್ಷಿಣ ರೈಲ್ವೆಯ ಪಾಲಕ್ಕಾಡ್ ವಿಭಾಗದ್ದು. ನಿಮ್ಮ ಹಳಿ ನೈಋತ್ಯ ರೈಲ್ವೆಯ ಮೈಸೂರು ವಿಭಾಗದ್ದು. ತೋಕೂರಿನಿಂದ ಉತ್ತರಕ್ಕೆ ಕೊಂಕಣ ರೈಲ್ವೆ. ಹಾಲ್ಟ್ ಬೇಕಾದರೆ ಮೈಸೂರಿನ ವಿಭಾಗೀಯ ವ್ಯವಸ್ಥಾಪಕರಿಗೆ ಬರೆಯಿರಿ. ರೈಲಿನ ಸಮಯ ಬದಲಾಗಬೇಕಾದರೆ ಪಾಲಕ್ಕಾಡಿಗೂ ಪ್ರತಿ ಕಳಿಸಿ, ಯಾಕೆಂದರೆ ರೈಲು ಹೊರಡುವುದು ಅವರ ಪ್ಲಾಟ್‌ಫಾರ್ಮಿನಿಂದ. ರೈಲು ಬಳಕೆದಾರರ ಸಲಹಾ ಸಮಿತಿ ವಿಭಾಗ ಮಟ್ಟದಲ್ಲೂ ವಲಯ ಮಟ್ಟದಲ್ಲೂ ಇದೆ. ಅದರ ಸದಸ್ಯರ ಕೈಯಲ್ಲಿ ನಿಮ್ಮ ಮನವಿ ಸಭೆಯ ಕಡತಕ್ಕೆ ಸೇರಿದರೆ ಲಿಖಿತ ಉತ್ತರ ಬರುತ್ತದೆ.

ಬರೆಯುವ ಮೊದಲು ಒಂದು ಮಾತು. ಪ್ರತಿ ಹಾಲ್ಟ್‌ಗೂ ಬ್ರೇಕ್ ಹಿಡಿಯುವುದು, ನಿಲ್ಲುವುದು, ಮತ್ತೆ ವೇಗ ಹಿಡಿಯುವುದು ಸೇರಿ ಇಂಜಿನ್ ಎಳೆಯುವ ರೈಲಿಗೆ ಮೂರು ನಿಮಿಷದಷ್ಟು ಹೋಗುತ್ತದೆ. ಅಷ್ಟು ಹೊತ್ತು ಆ ಬ್ಲಾಕ್ ಬೇರೆ ಯಾರಿಗೂ ಸಿಗುವುದಿಲ್ಲ. ಅಕ್ಕಪಕ್ಕದ ಮೂರು ಊರಿನವರು ಮೂರು ಹಾಲ್ಟ್ ಕೇಳುವ ಬದಲು ಕೂತು ಮಾತಾಡಿ, ರಸ್ತೆ ಚೆನ್ನಾಗಿರುವ ಒಂದು ಜಾಗ ಆರಿಸಿ ಕೇಳಿ. ಅಲ್ಲಿಗೆ ಎಷ್ಟು ಮನೆ, ಎಷ್ಟು ಮಕ್ಕಳು ಯಾವ ಹೊತ್ತಿಗೆ ಬರುತ್ತಾರೆ, ಈಗ ಬಸ್ಸಿಗೆ ಎಷ್ಟು ಕೊಡುತ್ತಾರೆ, ಇಷ್ಟನ್ನು ಒಂದು ಪುಟದಲ್ಲಿ ಬರೆದು ಲಗತ್ತಿಸಿ.